ಸಣ್ಣ ಗಾಳಿ, ದೊಡ್ಡ ಪಟ: ಆ ಒಂದು ಸಾಲಿನ ಬಗ್ಗೆ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಪವರ್ ಕೈಟ್ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಓದಿ ಖುಷಿಯಾಯಿತು. ಮನುಷ್ಯನನ್ನೇ ಎಳೆದುಕೊಂಡು ಹೋಗುವ ಈ ದೊಡ್ಡ ಗಾಳಿಪಟಗಳ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಬರೆಯುವುದಿಲ್ಲ. ಆದರೆ ಅದರಲ್ಲಿದ್ದ ಒಂದು ಸಾಲು, ಪಕ್ಕದಲ್ಲಿದ್ದ ಒಂದು ಫೋಟೋ, ಎರಡೂ ನಾಲ್ಕು ದಿನದಿಂದ ತಲೆಯಲ್ಲೇ ಕೂತಿವೆ. ಗಾಳಿ ಕಡಿಮೆ ಇದ್ದ ದಿನ ದೊಡ್ಡ ಪಟ ಹಿಡಿದರಾಯಿತು, ಸಣ್ಣ ಗಾಳಿಯಾದ್ದರಿಂದ ಹೊಸಬರಿಗೂ ಅಪಾಯವಿಲ್ಲ ಎಂಬುದು ಆ ಸಾಲು. ಫೋಟೋದಲ್ಲಿ ಒಬ್ಬ ಹುಡುಗ ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ನಗುತ್ತಾ ನಿಂತಿದ್ದ.

ಎರಡೂ ತಪ್ಪು. ಸಾಲು ತಪ್ಪು, ಫೋಟೋ ಇನ್ನೂ ತಪ್ಪು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ಹನ್ನೊಂದು ವರ್ಷದಿಂದ ಈ ಪಟಗಳನ್ನು ಹಾರಿಸುತ್ತಿದ್ದೇನೆ, ಅದರಲ್ಲೂ ಸಣ್ಣ ಗಾಳಿಯಲ್ಲಿ ದೊಡ್ಡ ಪಟ ಹಾರಿಸುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಅದು ಇಷ್ಟವಾದ ಕಾರಣಕ್ಕೇ ಅದರ ಬಗ್ಗೆ ಹೊಸಬರಿಗೆ ಅರ್ಧ ಸತ್ಯ ಸಿಗಬಾರದು ಅನಿಸುತ್ತದೆ.

ಈ ಪಟ ನೋಡದವರಿಗಾಗಿ ಒಂದೆರಡು ಮಾತು. ಇದರಲ್ಲಿ ಕಡ್ಡಿ ಇಲ್ಲ, ಬಾಲಂಗೋಚಿ ಇಲ್ಲ. ಎರಡು ಪದರ ಬಟ್ಟೆ, ನಡುವೆ ಸಾಲಾಗಿ ಹೊಲಿದ ಗೂಡುಗಳು. ಮುಂದಿನ ಅಂಚಿನಲ್ಲಿ ಬಾಯಿ ತೆರೆದಿರುತ್ತದೆ. ಅಲ್ಲಿಂದ ಗಾಳಿ ಒಳಗೆ ತುಂಬಿ ಇಡೀ ಬಟ್ಟೆ ವಿಮಾನದ ರೆಕ್ಕೆಯ ಆಕಾರಕ್ಕೆ ಬರುತ್ತದೆ. ಅಮೆರಿಕದ ಡೊಮಿನಾ ಜಾಲ್ಬರ್ಟ್ ಎಂಬವರು 1964ರ ಹೊತ್ತಿಗೆ ಈ ಉಪಾಯ ಕಂಡುಹಿಡಿದರು. ಇವತ್ತು ವಿಮಾನದಿಂದ ಜಿಗಿಯುವವರ ಪ್ಯಾರಾಚೂಟ್‌ನಲ್ಲೂ ಅದೇ ಉಪಾಯ ಇದೆ. ಪಟಕ್ಕೆ ಸಾಮಾನ್ಯವಾಗಿ ನಾಲ್ಕು ದಾರ. ಎರಡು ಮುಂದಿನವು, ಎಳೆತವೆಲ್ಲ ಅವುಗಳ ಮೇಲೆ. ಹಿಂದಿನ ಅಂಚಿಗೆ ಕಟ್ಟಿರುವ ಇನ್ನೆರಡು ಬ್ರೇಕ್ ದಾರಗಳು. ನಾನು ಸಣ್ಣ ಗಾಳಿಗೆ ಒಯ್ಯುವ ಪಟ 12 ಚದರ ಮೀಟರ್, ಅಂದರೆ ಸುಮಾರು 130 ಚದರ ಅಡಿ. ಒಂದು ಸಾಧಾರಣ ಮಲಗುವ ಕೋಣೆಯ ನೆಲವನ್ನು ಎತ್ತಿ ಆಕಾಶದಲ್ಲಿಟ್ಟಂತೆ ಅಂದುಕೊಳ್ಳಿ.

ಈಗ ಆ ಸಾಲಿಗೆ ಬರುತ್ತೇನೆ. ಗಾಳಿ ಕಡಿಮೆ, ಆದ್ದರಿಂದ ಪಟ ದೊಡ್ಡದು. ಇಲ್ಲಿವರೆಗೆ ಸರಿ. ಆದರೆ ದೊಡ್ಡ ಪಟ ತಂದ ಮಾತ್ರಕ್ಕೆ ಅದು ಎಳೆಯುವುದಿಲ್ಲ. ಗಂಟೆಗೆ 11 ಕಿ.ಮೀ. ಗಾಳಿ, ಅಂದರೆ ಮುಖಕ್ಕೆ ತಾಗಿದ್ದು ಗೊತ್ತಾಗುವಷ್ಟು, ಎಲೆ ಸರಸರ ಅನ್ನುವಷ್ಟು. ಅಂಥ ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಹಾಕುವ ಒತ್ತಡ ಸುಮಾರು ಅರ್ಧ ಕಿಲೋ ಅಷ್ಟೇ. 12 ಚದರ ಮೀಟರ್‌ಗೆ 6-7 ಕಿಲೋ ಆಯಿತು. ಒಂದು ಚೀಲ ಹಿಡಿದು ನಿಂತಷ್ಟು. ಹೊಸಬರು ದೊಡ್ಡ ಪಟ ತಂದು, ತಲೆಯ ಮೇಲೆ ನಿಲ್ಲಿಸಿ, ಏನೂ ಎಳೆಯುವುದಿಲ್ಲವಲ್ಲ ಅಂತ ಬೇಜಾರಾಗುವುದು ಇದಕ್ಕೇ.

ಅದೇ ಪಟವನ್ನು ಅಡ್ಡಕ್ಕೆ ಓಡಿಸಿ ನೋಡಿ. ಓಡುವ ಪಟ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಸೈಕಲ್ ತುಳಿಯುವಾಗ ಗಾಳಿಯೇ ಇಲ್ಲದ ದಿನವೂ ಮುಖಕ್ಕೆ ಗಾಳಿ ಬಡಿಯುತ್ತದೆ ಅಲ್ವಾ, ಹಾಗೇ. ಗಾಳಿಯ ಮೂರರಷ್ಟು ವೇಗ ಅದರ ಬಟ್ಟೆಗೆ ತಾಗಿದರೆ ಎಳೆತ ಮೂರರಷ್ಟಲ್ಲ, ಒಂಬತ್ತರಷ್ಟಾಗುತ್ತದೆ, ಏಕೆಂದರೆ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 6-7 ಕಿಲೋ ಇದ್ದದ್ದು 60 ಕಿಲೋ. ಇದು ಒರಟು ಲೆಕ್ಕ, ಪಟದ ಆಕಾರ, ಕೋನ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಆದರೆ ಹಾರಿಸಿದ ಯಾರನ್ನಾದರೂ ಕೇಳಿ, ಕೈಗೆ ತಿಳಿಯುವುದು ಇದೇ. 1980ರಲ್ಲಿ ಮೈಲ್ಸ್ ಲಾಯ್ಡ್ ಎಂಬ ಅಮೆರಿಕದ ಎಂಜಿನಿಯರ್ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ನಿಂತ ಪಟಕ್ಕಿಂತ ಅಡ್ಡ ಓಡುವ ಪಟದಿಂದ ಎಷ್ಟೋ ಪಟ್ಟು ಶಕ್ತಿ ತೆಗೆಯಬಹುದು ಅಂತ. 2008ರಲ್ಲಿ ಬೆಲುಗಾ ಸ್ಕೈಸೇಲ್ಸ್ ಎಂಬ ಸರಕು ಹಡಗು 160 ಚದರ ಮೀಟರ್‌ನ ಪಟ ಕಟ್ಟಿಕೊಂಡು ಅಟ್ಲಾಂಟಿಕ್ ದಾಟಿತು. ಆ ಪಟವೂ ಒಂದೇ ಕಡೆ ಸುಮ್ನೆ ನಿಲ್ಲುತ್ತಿರಲಿಲ್ಲ, ಎಂಟರ ಆಕಾರದಲ್ಲಿ ಸುತ್ತುತ್ತಿತ್ತು.

ಸಣ್ಣ ಗಾಳಿಯಲ್ಲಿ ದೊಡ್ಡ ಪಟ ಹಾರಿಸುವುದು ಅಂದರೆ ಅದನ್ನು ಓಡುತ್ತಲೇ ಇಡುವುದು. ಮಿಕ್ಕಿದ್ದೆಲ್ಲ ಅದಕ್ಕೆ ಬೇಕಾದ ಕೈಚಳಕ. ಇದನ್ನು ನಿಮ್ಮ ಬರಹ ಹೇಳಲಿಲ್ಲ, ಆದ್ದರಿಂದ ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಪಟ ಎಬ್ಬಿಸುವುದು. ಗಾಳಿಗೆ ಬೆನ್ನು ಮಾಡಿ ನಿಲ್ಲುತ್ತೇವೆ, ಪಟ ಮುಂದೆ ದಾರದ ತುದಿಯಲ್ಲಿ ಅಂಗಾತ ಮಲಗಿರುತ್ತದೆ. ಹಿಂದಿನ ಅಂಚು ನಮ್ಮ ಕಡೆ, ಅದರ ಮೇಲೆ ಒಂದೆರಡು ಬೊಗಸೆ ಮರಳು. ಜೋರು ಗಾಳಿಯಲ್ಲಿ ಒಂದು ಜಗ್ಗು ಜಗ್ಗಿದರೆ ಸಾಕು, ಬಾಯಿ ತೆರೆದು ಎದ್ದುಬಿಡುತ್ತದೆ. ಸಣ್ಣ ಗಾಳಿಯಲ್ಲಿ ಹಾಗೆ ಜಗ್ಗಿದರೆ ಖಾಲಿ ಬಟ್ಟೆ ನೆಲದ ಮೇಲೆ ಜಾರುತ್ತಾ ನಿಮ್ಮ ಕಡೆಗೇ ಬರುತ್ತದೆ. ಅದಕ್ಕೆ ನಾನು ಮೊದಲು ಪಟದ ಹತ್ತಿರ ಹೋಗಿ ಬಾಯಿ ಎತ್ತಿ ಹಿಡಿದು ಒಳಗೆ ಗಾಳಿ ತುಂಬಲು ಬಿಡುತ್ತೇನೆ. ಗೂಡುಗಳು ಒಂದೊಂದಾಗಿ ಉಬ್ಬುತ್ತವೆ, ಮಧ್ಯದಿಂದ ಶುರುವಾಗಿ ಎರಡೂ ತುದಿಗೆ. ಅರ್ಧ ತುಂಬಿದರೂ ಸಾಕು. ಆಮೇಲೆ ಹಿಂದಕ್ಕೆ ಬಂದು, ಮುಂದಿನ ದಾರ ಮಾತ್ರ ಬಿಗಿ ಮಾಡಿ, ಬ್ರೇಕ್ ಪೂರ್ತಿ ಸಡಿಲ ಬಿಟ್ಟು, ನಿಧಾನವಾಗಿ ಹಿಂದೆ ಹಿಂದೆ ನಡೆಯಬೇಕು. ಏಳೆಂಟು ಹೆಜ್ಜೆ. ತೋಳಿನಿಂದ ಎಳೆಯಬಾರದು, ಇಡೀ ಮೈ ಹಿಂದೆ ಹೋಗಬೇಕು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅಂತಾರಲ್ಲ, ತೋಳು ಬೀಸಿ ಬೀಸಿ ಜಗ್ಗುವವರನ್ನು ನೋಡಿದರೆ ನನಗೆ ಆ ಮಾತೇ ನೆನಪಾಗುತ್ತದೆ.

ಪಟ ಎದ್ದ ಮೇಲೆ ಎಲ್ಲರೂ ಮಾಡುವ ತಪ್ಪು ಒಂದೇ. ಅದು ಬೀಳುತ್ತದೆ ಅನಿಸಿ ದಾರಗಳನ್ನೆಲ್ಲ ಒಟ್ಟಿಗೆ ಎಳೆಯುತ್ತಾರೆ. ಹಾಗೆ ಎಳೆದಾಗ ಬ್ರೇಕೂ ಬಿಗಿಯುತ್ತದೆ. ಬ್ರೇಕ್ ಬಿಗಿದ ಪಟ ಮುಂದೆ ಓಡುವುದನ್ನು ನಿಲ್ಲಿಸುತ್ತದೆ. ಒಂದು ಕ್ಷಣ ಗಾಳಿಯಲ್ಲಿ ತೂಗುತ್ತದೆ, ಆಮೇಲೆ ಹಿಂದಿನ ಅಂಚು ಮುಂದಾಗಿ ಹಿಂದಕ್ಕೆ ಇಳಿಯುತ್ತದೆ. ಇದಕ್ಕೆ ಬ್ಯಾಕ್ ಸ್ಟಾಲ್ ಎನ್ನುತ್ತಾರೆ. ಆಗ ಎಳೆದಷ್ಟೂ ಕೆಡುತ್ತದೆ. ಬ್ರೇಕ್ ಬಿಟ್ಟು, ಪಟದ ಕಡೆಗೇ ಎರಡು ಹೆಜ್ಜೆ ಓಡಬೇಕು. ಮನಸ್ಸು ಒಪ್ಪುವುದೇ ಇಲ್ಲ. ಬೀಳುತ್ತಿರುವ ಪಟಕ್ಕೆ ದಾರ ಸಡಿಲ ಬಿಡುವುದಾ ಅನಿಸುತ್ತದೆ. ಆದರೆ ಸಡಿಲ ಸಿಕ್ಕ ಕೂಡಲೇ ಮೂಗು, ಅಂದರೆ ಮುಂದಿನ ಅಂಚು, ಮುಂದಕ್ಕೆ ಬಾಗಿ ಪಟ ಮತ್ತೆ ಓಡಲು ಶುರುಮಾಡುತ್ತದೆ.

ಇನ್ನೊಂದು ತಪ್ಪು ಇದಕ್ಕೆ ಪೂರ್ತಿ ಉಲ್ಟಾ. ಪಟವನ್ನು ನೆತ್ತಿಯ ಮೇಲಕ್ಕೆ ಬಿಟ್ಟು ಅಲ್ಲೇ ನಿಲ್ಲಿಸುವುದು. ಅಲ್ಲಿ ಎಳೆತ ಕಡಿಮೆ, ದಾರ ಸಡಿಲವಾಗುತ್ತದೆ, ಪಟ ನಮ್ಮ ತಲೆ ದಾಟಿ ಗಾಳಿ ಬರುವ ಕಡೆಗೆ ಹೋಗುತ್ತದೆ, ಮೂಗಿನ ಅಂಚು ಕಾಗದದ ಹಾಗೆ ಮಡಚಿಕೊಳ್ಳುತ್ತದೆ. ಇಲ್ಲಿ ಮದ್ದು ಬೇರೆ. ತಕ್ಷಣ ಹಿಂದಕ್ಕೆ ಹೆಜ್ಜೆ ಹಾಕಿ ದಾರ ಬಿಗಿ ಮಾಡಬೇಕು. ಒಂದಕ್ಕೆ ಮುಂದೆ, ಇನ್ನೊಂದಕ್ಕೆ ಹಿಂದೆ. ಯಾವುದು ಯಾವುದೆಂದು ಯೋಚಿಸಿ ಮಾಡುವಷ್ಟು ಹೊತ್ತು ಇರುವುದಿಲ್ಲ, ಕೈಗೆ ಕಾಲಿಗೆ ಅಭ್ಯಾಸವಾಗಿರಬೇಕು. ನನಗೆ ಅದು ಬರಲು ಎರಡು ವರ್ಷ ಹಿಡಿಯಿತು.

ಎರಡರ ನಡುವಿನ ಜಾಗ ಸಿಕ್ಕಿದಾಗ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಹುಲ್ಲಿನ ತುದಿ ಮಾತ್ರ ಅಲುಗಾಡುತ್ತಿರುತ್ತದೆ. ಪಟ ಎಡಗಡೆಯ ಅಂಚಿನಿಂದ ಉದ್ದಕ್ಕೆ ಬಾಗಿ ಕೆಳಗೆ ಇಳಿಯುತ್ತದೆ, ಇಳಿಯುತ್ತಾ ಇಳಿಯುತ್ತಾ ವೇಗ ಹೆಚ್ಚಾಗಿ ಬಟ್ಟೆಯ ಸುಕ್ಕೆಲ್ಲ ಹೋಗಿ ಮೈ ಬಿಗಿಯುತ್ತದೆ, ಆ ಬಿಗಿ ದಾರದಲ್ಲಿ ಇಳಿದು ಬಂದು ಬೆರಳಿಗೆ, ಮೊಣಕೈಗೆ, ಆಮೇಲೆ ಸೊಂಟಕ್ಕೆ ತಿಳಿಯುತ್ತದೆ. ಆ ಎಳೆತ ಇರುವಾಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ ಜಾಗ ಉಳಿಸಿಕೊಳ್ಳಬೇಕು. ಯಾಕೆಂದರೆ ಪಟ ಮತ್ತೆ ಮೇಲೆ ಹತ್ತುವಾಗ ವೇಗ ಇಳಿಯುತ್ತದೆ, ಆಗ ಅದೇ ನಾಲ್ಕು ಹೆಜ್ಜೆ ಹಿಂದೆ ಬಂದು ದಾರಕ್ಕೆ ಜೀವ ಕೊಡಬೇಕು. ಹೀಗೆ ಮುಂದೆ ಹಿಂದೆ ನಡೆಯುತ್ತಾ ಅರ್ಧ ಗಂಟೆ ಕಳೆದರೆ ಕಾಲಲ್ಲಿ ಬೆವರು, ಕಣ್ಣಲ್ಲಿ ಆಕಾಶ. ತಿರುಗಿಸುವಾಗಲೂ ಅಷ್ಟೆ, ಗಕ್ಕನೆ ತಿರುಗಿಸಿದರೆ ವೇಗವೆಲ್ಲ ಅಲ್ಲೇ ಸತ್ತುಹೋಗುತ್ತದೆ. ದೊಡ್ಡ ಲಾರಿ ತಿರುಗಿಸಿದಂತೆ ಅಗಲವಾಗಿ ತಿರುಗಿಸಬೇಕು. ಬ್ರೇಕ್ ದಾರ ಯಾವಾಗಲೂ ಸ್ವಲ್ಪ ಜೋತುಬಿದ್ದಂತೆ ಕಾಣಬೇಕು. ಅದು ನೇರ ಗೆರೆಯಾಗಿದ್ದರೆ ನಿಮಗೆ ಗೊತ್ತಿಲ್ಲದೆ ನೀವೇ ಪಟವನ್ನು ಹಿಡಿದು ನಿಲ್ಲಿಸುತ್ತಿದ್ದೀರಿ. ಗಾಳಿ ಸಾಲದು ಅಂತ ಹೇಳುವವರಲ್ಲಿ ಅರ್ಧ ಜನರ ಬ್ರೇಕ್ ದಾರವನ್ನು ಒಂದು ಗಂಟು ಉದ್ದ ಮಾಡಿಕೊಟ್ಟರೆ ಪಟ ಎದ್ದು ಓಡುತ್ತದೆ, ನಾನೇ ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ.

ಸಣ್ಣ ಸಣ್ಣ ವಿಷಯಗಳೂ ಇಲ್ಲಿ ದೊಡ್ಡದಾಗುತ್ತವೆ. ಇಬ್ಬನಿ ಹೀರಿದ ಬಟ್ಟೆ ಏಳುವುದಿಲ್ಲ. ತುದಿಯ ಗೂಡಿನಲ್ಲಿ ಒಂದು ಮುಷ್ಟಿ ಮರಳು ಉಳಿದಿದ್ದರೆ ಪಟ ಆ ಕಡೆಗೇ ವಾಲುತ್ತದೆ, ಕೊಡವಿ ಖಾಲಿ ಮಾಡಲೇಬೇಕು. ದಾರ ಉದ್ದ ಮಾಡಿದರೆ ಒಳ್ಳೆಯದು. 20 ಮೀಟರ್ ದಾರದ ಬದಲು 30 ಮೀಟರ್ ಹಾಕಿದರೆ ಪಟ ಇನ್ನೂ ಎತ್ತರದ ಗಾಳಿಗೆ ಹೋಗುತ್ತದೆ. ನೆಲದ ಹತ್ತಿರ ಹುಲ್ಲು, ಪೊದೆ, ಕಲ್ಲಿಗೆ ತಾಗಿ ಗಾಳಿ ನಿಧಾನವಾಗಿರುತ್ತದೆ, ಮೇಲೆ ಹೋದಂತೆ ಬಿಡುವಾಗಿ ಬೀಸುತ್ತದೆ. ಓಡಲು ಜಾಗವೂ ಜಾಸ್ತಿ ಸಿಗುತ್ತದೆ, ವೇಗ ಹಿಡಿಯಲು ಸಮಯವೂ ಸಿಗುತ್ತದೆ. ಒಂದೇ ಪದರದ ಪಟಗಳೂ ಬಂದಿವೆ. ಹಗುರ ಇರುವುದರಿಂದ ಇನ್ನೂ ಕಡಿಮೆ ಗಾಳಿಯಲ್ಲಿ ಏಳುತ್ತವೆ. ನನಗೆ ಅವುಗಳ ಮೇಲೆ ಅಷ್ಟು ಮನಸ್ಸಿಲ್ಲ, ಓಟದಲ್ಲಿ ಆ ಜಾರುವಿಕೆ ಸಿಗುವುದಿಲ್ಲ. ಅದು ಅವರವರ ಇಷ್ಟ.

ಇಷ್ಟೆಲ್ಲ ಮಾಡಿದರೂ ಗಾಳಿ ಇಲ್ಲದಿದ್ದರೆ ಇಲ್ಲ. 2024ರ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೈಟ್ ರೇಸ್ ಇತ್ತು, ಫ್ರಾನ್ಸಿನ ಮಾರ್ಸೇ ಊರಿನ ಸಮುದ್ರದಲ್ಲಿ. ಅಲ್ಲಿ ಗಂಡಸರ ಕೈಯಲ್ಲಿ 20 ಚದರ ಮೀಟರ್ ದಾಟಿದ ಪಟಗಳಿದ್ದವು. ಜಗತ್ತಿನಲ್ಲೇ ಚೆನ್ನಾಗಿ ಹಾರಿಸುವವರು. ಆದರೂ ಗಾಳಿ ಸಾಲದೆ ರೇಸ್‌ಗಳು ಮುಂದಕ್ಕೆ ಹೋದವು.

ಈಗ ಅಪಾಯದ ಮಾತು. ಬರಹದ ಆ ಸಾಲು ನನ್ನನ್ನು ಚುಚ್ಚಿದ್ದು ಇಲ್ಲೇ. ಮೇಲೆ ಹೇಳಿದ 60 ಕಿಲೋ ಲೆಕ್ಕ ಮತ್ತೆ ನೋಡಿ. ಗಾಳಿ ಗಂಟೆಗೆ 11 ಕಿ.ಮೀ. ಇದ್ದದ್ದು 22 ಆಯಿತು ಅಂದುಕೊಳ್ಳಿ. 22 ಅಂದರೆ ಬಿರುಗಾಳಿಯೇನೂ ಅಲ್ಲ, ಧೂಳು ಮತ್ತು ಕಾಗದದ ಚೂರು ಏಳುವ ಗಾಳಿ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಓಡುತ್ತಿರುವ ಪಟದ 60 ಕಿಲೋ ಈಗ 240 ಕಿಲೋ. ನಾನು 68 ಕಿಲೋ ಇದ್ದೇನೆ. ಕೈಯಲ್ಲಿ 3 ಚದರ ಮೀಟರ್‌ನ ಪಟ ಇದ್ದಿದ್ದರೆ ಅದೇ ಗಾಳಿ ಹೆಚ್ಚಾದಾಗ ನಾಲ್ಕು ಹೆಜ್ಜೆ ಓಡಿಸುತ್ತಿತ್ತು ಅಷ್ಟೆ. ಜೋರು ಗಾಳಿಯಲ್ಲಿ ಜನ ಸಣ್ಣ ಪಟ ಹಿಡಿದಿರುತ್ತಾರೆ, ಹೆದರಿಕೆಯಿಂದ ಇರುತ್ತಾರೆ, ಸೇಫ್ಟಿ, ಅಂದರೆ ಎಳೆದರೆ ಪಟದ ಬಲ ತಪ್ಪಿಸುವ ಹಿಡಿ, ಅದರ ಮೇಲೆ ಕೈ ಇರುತ್ತದೆ. ಸಣ್ಣ ಗಾಳಿಯ ದಿನ ಅತಿ ದೊಡ್ಡ ಪಟ ಕೈಯಲ್ಲಿ, ಮನಸ್ಸು ಮಾತ್ರ ಆರಾಮ. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ನನಗಾದದ್ದನ್ನು ಹೇಳುತ್ತೇನೆ. ಐದು ವರ್ಷದ ಹಿಂದಿನ ಮಾತು. ಸಂಜೆ, ವಿಶಾಲ ಬಯಲು, ಗಂಟೆಗೆ ಏಳೆಂಟು ಕಿ.ಮೀ. ಗಾಳಿ ಇತ್ತು, ಆಗಾಗ ಅದೂ ನಿಲ್ಲುತ್ತಿತ್ತು. ಅದೇ 12 ಚದರ ಮೀಟರ್ ಪಟ. ನಲವತ್ತು ನಿಮಿಷ ಪ್ರಯತ್ನಪಟ್ಟು ಕೊನೆಗೂ ಅದು ಒಂದು ಲಯಕ್ಕೆ ಬಂದಿತ್ತು. ಸೊಂಟದ ಹಾರ್ನೆಸ್‌ಗೆ, ಅಂದರೆ ಪಟದ ಎಳೆತ ಹೊರುವ ಪಟ್ಟಿಗೆ, ಕೊಕ್ಕೆ ಹಾಕಿಕೊಂಡಿದ್ದೆ. ದೂರದಲ್ಲಿ ಒಂದು ಮೋಡ ಕಪ್ಪಾಗಿತ್ತು, ಮಳೆ ಅಲ್ಲೆಲ್ಲೋ ಬರುತ್ತಿದೆ ಅಂದುಕೊಂಡೆ. ಆಮೇಲೆ ಗಾಳಿ ಪೂರ್ತಿ ನಿಂತಿತು. ಪಟವನ್ನು ಎತ್ತರದಲ್ಲಿ ಉಳಿಸಿಕೊಳ್ಳಲು ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಆಗ ಕೆನ್ನೆಗೆ ತಣ್ಣಗೆ ತಾಗಿತು. ಅಬ್ಬಾ, ಗಾಳಿ ಬಂತು ಅಂತ ಖುಷಿಪಟ್ಟೆ. ಆ ಖುಷಿ ನನಗೆ ಇವತ್ತೂ ಚೆನ್ನಾಗಿ ನೆನಪಿದೆ.

ದಾರಗಳು ಗುಂಯ್ ಅನ್ನಲು ಶುರುಮಾಡಿದವು. ಬಿಗಿದ ದಾರ ಗಾಳಿಯಲ್ಲಿ ಹಾಡುತ್ತದೆ, ಗಾಳಿಯ ವೇಗ ಏರಿದಂತೆ ಸ್ವರವೂ ಏರುತ್ತದೆ. ಆ ಸ್ವರ ಎರಡು ಸೆಕೆಂಡಿನಲ್ಲಿ ಮೇಲಕ್ಕೆ ಹೋಯಿತು. ಹಿಮ್ಮಡಿ ನೆಲ ಬಿಟ್ಟಿತು, ಬೆರಳ ತುದಿಯಲ್ಲಿ ನಾಲ್ಕು ಹೆಜ್ಜೆ ಓಡಿದೆ, ಆಮೇಲೆ ಅದೂ ಇಲ್ಲ. ಎದೆ ಮೇಲೆ ಬಿದ್ದೆ. ಒಂದು ಮೂವತ್ತು ಅಡಿ ಹುಲ್ಲು, ಮಣ್ಣು, ಕಲ್ಲಿನ ಮೇಲೆ ಎಳೆದುಕೊಂಡು ಹೋಯಿತು. ಸೇಫ್ಟಿ ಎಲ್ಲಿದೆ ಅಂತ ನನಗೆ ಗೊತ್ತು, ಮನೆಯಲ್ಲಿ ಕಣ್ಣು ಮುಚ್ಚಿ ಎಷ್ಟೋ ಸಲ ಎಳೆದು ನೋಡಿದ್ದೆ. ಆದರೂ ಎರಡೂ ಕೈ ಬಾರನ್ನು, ಅಂದರೆ ದಾರಗಳನ್ನು ಕಟ್ಟಿದ ಹಿಡಿಕೋಲನ್ನು, ಬಿಡಲಿಲ್ಲ, ಬೀಳುವ ಮನುಷ್ಯ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ, ಮೈ ಕಲಿತಿರುವುದೇ ಹಾಗೆ. ಬಾರನ್ನು ಬಿಗಿಯಾಗಿ ಹಿಡಿದು ಮೈ ಕಡೆಗೆ ಎಳೆದಷ್ಟೂ ಪಟಕ್ಕೆ ಇನ್ನೂ ಬಲ. ಕೊನೆಗೆ ಬಲಗೈ ಬಿಟ್ಟು ಸೇಫ್ಟಿ ಎಳೆದೆ. ಪಟ ಒಂದೇ ದಾರದಲ್ಲಿ ಬಾವುಟದ ಹಾಗೆ ಪಟಪಟ ಬಡಿದು ಕೆಳಗೆ ಬಿತ್ತು. ಎಡಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತ್ತು, ಆರು ವಾರ ಪ್ಲಾಸ್ಟರ್.

ಏನಾಗಿತ್ತು ಅಂತ ಆಮೇಲೆ ಓದಿ ತಿಳಿದೆ. ಮಳೆ ಮೋಡದೊಳಗಿನ ತಣ್ಣನೆಯ ಭಾರವಾದ ಗಾಳಿ ಕೆಳಗೆ ಸುರಿದು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುತ್ತದೆ, ನೀರು ಚೆಲ್ಲಿದಾಗ ಹರಡುವಂತೆ. ಮಳೆ ಇನ್ನೂ ಎಷ್ಟೋ ಕಿಲೋಮೀಟರ್ ದೂರ ಇರುವಾಗಲೇ ಅದು ನಮ್ಮನ್ನು ಮುಟ್ಟಬಹುದು. ಅದಕ್ಕೆ ಮುಂಚೆ ಗಾಳಿ ಒಮ್ಮೊಮ್ಮೆ ಪೂರ್ತಿ ನಿಲ್ಲುತ್ತದೆ. ನಾನು ಗಾಳಿ ಇಲ್ಲವಲ್ಲ ಅಂತ ಬೇಸರಪಟ್ಟ ಆ ಎರಡು ನಿಮಿಷವೇ ಎಚ್ಚರಿಕೆ ಆಗಿತ್ತು. ಈಗ ದೂರದಲ್ಲಿ ಮೋಡ ಕಪ್ಪಾಗಿದ್ದು ಗಾಳಿ ಸುಮ್ಮನಾದರೆ, ನಾನು ಪಟ ಇಳಿಸಿ ಅದರ ಮೇಲೆ ಮರಳು ಹಾಕಿಬಿಡುತ್ತೇನೆ.

ಮೋಡವೇ ಬೇಕಿಲ್ಲ. ಬಿಸಿಲಿನ ಮಧ್ಯಾಹ್ನವೂ ಹಾಗೇ. ನೆಲ ಕಾದು ಬಿಸಿ ಗಾಳಿ ಗುಳ್ಳೆಗಳಾಗಿ ಮೇಲೇಳುತ್ತದೆ, ಅದರ ಜಾಗ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ಐದು ನಿಮಿಷ ಏನೂ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಇಪ್ಪತ್ತು ಸೆಕೆಂಡು ಜೋರು. ಸರಾಸರಿ ನೋಡಿದರೆ ಸಣ್ಣ ಗಾಳಿ. ಆದರೆ ಪಟ ಸರಾಸರಿಯಲ್ಲಿ ಹಾರುವುದಿಲ್ಲ ಅಲ್ವಾ. ನನಗೆ ಇಷ್ಟವಾದ ಸಣ್ಣ ಗಾಳಿ ಬೆಳಗಿನದು ಮತ್ತು ಸಮುದ್ರದ ಕಡೆಯಿಂದ ಬರುವ ಗಾಳಿ. ಅವು ಒಂದೇ ಸಮನೆ ಬರುತ್ತವೆ, ನೇಯ್ದ ಬಟ್ಟೆಯ ಹಾಗೆ. ಮರಗಳ ಸಾಲಿನ ಹಿಂದೆ, ಕಟ್ಟಡದ ಹಿಂದೆ ನಿಲ್ಲಲೇಬಾರದು. ಅವುಗಳ ಎತ್ತರದ ಹತ್ತರಷ್ಟು ದೂರಕ್ಕೂ ಗಾಳಿ ಸುಳಿ ಸುತ್ತುತ್ತಿರುತ್ತದೆ.

ಗಾಳಿ ಅಳೆಯುವ ಸಣ್ಣ ಯಂತ್ರ ನನ್ನ ಹತ್ತಿರವೂ ಇದೆ, ಆದರೆ ಅದಕ್ಕಿಂತ ಎಲೆ ನೋಡುವುದನ್ನು ಜಾಸ್ತಿ ನಂಬುತ್ತೇನೆ. 1805ರಲ್ಲಿ ಬ್ರಿಟನ್ನಿನ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ಮಾಡಿದ ಅಳತೆ ಇವತ್ತೂ ಬಳಕೆಯಲ್ಲಿದೆ. ಎಲೆ ಸರಸರ ಅಂದರೆ ಅದರಲ್ಲಿ ಎರಡನೆಯ ಮೆಟ್ಟಿಲು, ಗಂಟೆಗೆ 6ರಿಂದ 11 ಕಿ.ಮೀ. ದೊಡ್ಡ ಪಟದ ಜಾಗ ಅದೇ. ಸಣ್ಣ ರೆಂಬೆ ಬಿಡದೆ ಅಲುಗಾಡಿ ಹಗುರ ಬಾವುಟ ಬಿಚ್ಚಿಕೊಂಡು ನಿಂತರೆ ಮೂರನೆಯದು, 12ರಿಂದ 19. ಆಗ ನಾನು ದೊಡ್ಡದನ್ನು ಮಡಚಿ ಮಧ್ಯಮ ಅಳತೆಯದನ್ನು ತೆಗೆಯುತ್ತೇನೆ. ಧೂಳು ಎದ್ದರೆ ನಾಲ್ಕನೆಯದು. ಆ ಹೊತ್ತಿಗೆ ದೊಡ್ಡ ಪಟ ಇನ್ನೂ ಮೇಲಿದ್ದರೆ ಆಗಲೇ ತಡವಾಗಿದೆ.

ಕೊನೆಗೆ ಆ ಫೋಟೋ. ಸಂಪಾದಕರೇ, ಈ ದಾರಗಳು ನೂಲಲ್ಲ. ಡೈನೀಮಾ ಎಂಬ ವಸ್ತುವಿನವು, ಅದೇ ತೂಕದ ಉಕ್ಕಿನ ತಂತಿಗಿಂತ ಎಷ್ಟೋ ಪಟ್ಟು ಗಟ್ಟಿ. ಒಂದು ಮಿಲಿಮೀಟರ್ ಆಸುಪಾಸಿನ ದಾರ 100 ಕಿಲೋ ಮೀರಿ ತಡೆಯುತ್ತದೆ, ಹಿಗ್ಗುವುದೂ ಇಲ್ಲ. ಹಿಗ್ಗದ ಕಾರಣ ಪಟದ ಒಂದು ಎಳೆತ ಪೂರ್ತಿಯಾಗಿ, ತಕ್ಷಣ, ಕೈಗೆ ಬಂದು ತಾಗುತ್ತದೆ. ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡರೆ ಬಿಡುವ ದಾರಿಯೇ ಇಲ್ಲ. ನಾನು ಬಿದ್ದ ದಿನ ನನ್ನ ಕೈಗೆ ದಾರ ಸುತ್ತಿಕೊಂಡಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ. ಬಿಗಿದ ದಾರ ಚರ್ಮದ ಮೇಲೆ ಜಾರಿದರೂ ಬ್ಲೇಡಿನಂತೆ ಕುಯ್ಯುತ್ತದೆ. ಪಟ ನೆಲಕ್ಕೆ ಬಿದ್ದು ಸುಮ್ನೆ ಮಲಗಿದೆ ಅಂತ ದಾರ ದಾಟಿಕೊಂಡು ನಡೆಯುವ ಜನರನ್ನು ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಲಗಿದ ಪಟ ಒಂದು ಸುಯ್ಲಿಗೆ ಏಳಬಹುದು, ಆಗ ದಾರ ಕಾಲಿನ ಎತ್ತರದಲ್ಲಿ ಬಿಗಿಯುತ್ತದೆ.

ಹೊಸಬರು ದೊಡ್ಡ ಪಟದ ಆಸೆ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಸ್ವಲ್ಪ ತಡೆದು ಬರಲಿ. ಮೊದಲು 2 ಅಥವಾ 3 ಚದರ ಮೀಟರ್‌ನ ಪಟ, ಮಧ್ಯಮ ಗಾಳಿ, ಹಾರ್ನೆಸ್ ಬೇಡ, ಕೈಯಲ್ಲಿ ಹ್ಯಾಂಡಲ್. ಹ್ಯಾಂಡಲ್‌ನ ಹತ್ತಿರ ಬ್ರೇಕ್ ದಾರಕ್ಕೆ ಕಟ್ಟಿದ ಒಂದು ಪಟ್ಟಿ ಮಣಿಕಟ್ಟಿಗೆ ಇರುತ್ತದೆ. ಹ್ಯಾಂಡಲ್ ಬಿಟ್ಟರೆ ಎಳೆತವೆಲ್ಲ ಬ್ರೇಕಿಗೆ ಹೋಗಿ ಪಟ ಸತ್ತು ಕೆಳಗೆ ಬೀಳುತ್ತದೆ. ಬಿಡುವುದನ್ನು ಕಲಿಯುವುದೇ ಮೊದಲ ಪಾಠ. ಮೊದಲ ದಿನ ಬೇಕಂತಲೇ ಹತ್ತು ಸಲ ಬಿಟ್ಟು ನೋಡಲಿ. ಪಟದ ಕೆಳಗೆ ಗಾಳಿ ಹೋಗುವ ದಿಕ್ಕಿನಲ್ಲಿ, ದಾರದ ಉದ್ದದ ಮೂರರಷ್ಟು ದೂರ ಜನ, ವಿದ್ಯುತ್ ತಂತಿ, ರಸ್ತೆ ಯಾವುದೂ ಇರಬಾರದು. ಗೊತ್ತಿದ್ದವರು ಒಬ್ಬರು ಪಕ್ಕದಲ್ಲಿರಲಿ. ಒಂದು ವರ್ಷ ಹೀಗೆ ಕಳೆದ ಮೇಲೆ ದೊಡ್ಡ ಪಟ ಬಿಚ್ಚಿದರೆ ಅದು ಕೈಗೆ ಹೇಳುವ ಮಾತು ಅರ್ಥವಾಗುತ್ತದೆ.

ನನ್ನ ಕೋರಿಕೆ ಎರಡೇ. ಮುಂದಿನ ಪುರವಣಿಯಲ್ಲಿ ಆ ಸಾಲನ್ನು ತಿದ್ದಿ ಒಂದು ಪುಟ್ಟ ಟಿಪ್ಪಣಿ ಹಾಕಿ, ಸಣ್ಣ ಗಾಳಿಯ ದೊಡ್ಡ ಪಟ ಅನುಭವ ಇದ್ದವರಿಗೆ ಅಂತ. ಆಮೇಲೆ ಆ ಫೋಟೋವನ್ನು ನಿಮ್ಮ ಜಾಲತಾಣದಿಂದ ತೆಗೆದು, ಹ್ಯಾಂಡಲ್ ಸರಿಯಾಗಿ ಹಿಡಿದವರ ಚಿತ್ರ ಹಾಕಿ. ಬೇಕಿದ್ದರೆ ನಾನೇ ಕೆಲವು ಕಳಿಸುತ್ತೇನೆ. ಹೋದ ವಾರ ಬೆಳಗ್ಗೆ ಆರೂವರೆಗೆ ತೆಗೆದ ಒಂದಿದೆ. ಹುಲ್ಲಿನ ಮೇಲೆ ಬೆಳಕು ಅಡ್ಡಕ್ಕೆ ಬಿದ್ದಿದೆ, ಪಟ ಬಲಗಡೆ ಅಂಚಿನಲ್ಲಿ ಈಗಷ್ಟೇ ತಿರುಗುತ್ತಿದೆ, ಬ್ರೇಕ್ ದಾರ ಸ್ವಲ್ಪ ಜೋತಾಡುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ